ಬಾಡಿ ಮೊದಲು, ಎಂಜಿನ್ ಆಮೇಲೆ: ಬೆಳಗಾವಿ–ಬಾಗಲಕೋಟೆ–ವಿಜಯಪುರದ ಹವೆಯಲ್ಲಿ ಹಾಟ್ ರಾಡ್ ಕಿಟ್ ಕಟ್ಟುವ ಕ್ರಮ

ಹಾಟ್ ರಾಡ್ ಎಂದರೆ ವೇಗಕ್ಕಾಗಿ ತಿದ್ದಿ ಕಟ್ಟಿದ ಹಳೆಯ ಕಾರು. ಕಿಟ್ ಎಂದರೆ ಅದರ ಪುಟ್ಟ ಪ್ಲಾಸ್ಟಿಕ್ ಮಾದರಿ ಕಟ್ಟಲು ಬೇಕಾದ ಬಿಡಿಭಾಗಗಳ ಡಬ್ಬಿ. ಆ ಡಬ್ಬಿಯೊಳಗಿನ ಸೂಚನಾ ಹಾಳೆ ಸಾಮಾನ್ಯವಾಗಿ ಎಂಜಿನ್‌ನಿಂದ ಶುರುವಾಗಿ, ಬಾಡಿಯನ್ನು ಕೊನೆಯ ಪುಟಕ್ಕೆ ತರುತ್ತದೆ. ಅದೇ ಕ್ರಮದಲ್ಲಿ ಹೋದವರ ಮೇಜಿನ ಮೇಲೆ ಎರಡು ವಾರಕ್ಕೆ ಚಂದದ ಎಂಜಿನ್ ಕೂತಿರುತ್ತದೆ, ಬಾಡಿ ಮಾತ್ರ ಹಸಿ ಪ್ಲಾಸ್ಟಿಕ್ಕಾಗಿಯೇ ಉಳಿದಿರುತ್ತದೆ. ಮುಂದೆ ಅವಸರ. ಆರದ ಬಣ್ಣದ ಮೇಲೆ ಬೆರಳಚ್ಚು, ಮಳೆಯಲ್ಲಿ ಹೊಡೆದ ಸ್ಪ್ರೇ ಮೇಲೆ ಬಿಳಿ ಮಂಜು. ಎಂಜಿನ್‌ಗೆ ಎರಡು ಮೂರು ಸಂಜೆ ಸಾಕು. ಬಾಡಿಯ ಬಣ್ಣಕ್ಕೆ ಮೂರು ವಾರ ಬೇಕು, ಅದರಲ್ಲಿ ಬಹುಪಾಲು ಸುಮ್ಮನೆ ಆರಲು ಬಿಡುವ ಸಮಯ. ಆದ್ದರಿಂದ ಇಲ್ಲಿ ಹಾಳೆಯ ಕ್ರಮ ತಿರುವುಮುರುವು: ಬಾಡಿ ಮೊದಲು. ಅದು ಆರುವ ದಿನಗಳಲ್ಲಿ ಎಂಜಿನ್, ಚಾಸಿ, ಸೀಟು.

ಯಾವ ಕಿಟ್ ಕೊಳ್ಳಬೇಕು

ಹಾಟ್ ರಾಡ್ ಎಂದರೆ ಹೆಚ್ಚಿನವರ ಕಣ್ಣಿಗೆ ಬರುವುದು 1932ರ ಫೋರ್ಡ್. ಆ ವರ್ಷ ಫೋರ್ಡ್ ಕಂಪನಿ ಅಗ್ಗದ ಕಾರಿಗೂ ವಿ-8 ಎಂಜಿನ್ ಕೂರಿಸಿತು: 221 ಘನ ಇಂಚು, 65 ಅಶ್ವಶಕ್ತಿ. ಮುಂದೆ ಅವೇ ಕಾರು ಹಳೆಯದಾಗಿ ಕಡಿಮೆ ಬೆಲೆಗೆ ಸಿಗತೊಡಗಿದಾಗ ಕ್ಯಾಲಿಫೋರ್ನಿಯಾದ ಹುಡುಗರು ಮಡ್‌ಗಾರ್ಡ್, ಬಾನೆಟ್ ಬಿಚ್ಚಿ ಭಾರ ಇಳಿಸಿ, ಎಂಜಿನ್ ತಿದ್ದಿ, ಮ್ಯೂರಾಕ್‌ನಂಥ ಒಣ ಕೆರೆಯಂಗಳದಲ್ಲಿ ಓಡಿಸಿದರು. ಎಎಂಟಿ ಕಂಪನಿ 1958ರಲ್ಲಿ ತಂದ ‘ತ್ರೀ ಇನ್ ಒನ್’ ಕಿಟ್‌ಗಳಿಂದ ಒಂದೇ ಡಬ್ಬಿಯಲ್ಲಿ ಕಾರ್ಖಾನೆಯ ಮಾದರಿ, ಕಸ್ಟಮ್ ಮತ್ತು ರೇಸ್ ರೂಪ ಮೂರಕ್ಕೂ ಬಿಡಿಭಾಗ ಸಿಗತೊಡಗಿತು. ಒಂದು ರೂಪ ಕಟ್ಟಿದ ಮೇಲೆ ಉಳಿಯುವ ಭಾಗ ಎಸೆಯಬೇಡಿ. ಮುಂದಿನ ಮೂರು ಕಿಟ್‌ಗೆ ಅವೇ ಬಂಡವಾಳ.

ಅಳತೆ 1/25 ಅಥವಾ 1/24 ಇರುತ್ತದೆ. 1/25 ತಗೊಂಡರೆ ಲೆಕ್ಕ ಸುಲಭ: ಮಾದರಿಯ 1 ಮಿ.ಮೀ. ಎಂದರೆ ನಿಜವಾದ ಕಾರಿನ 25 ಮಿ.ಮೀ., ಹೆಚ್ಚುಕಡಿಮೆ ಒಂದು ಇಂಚು. ಎರಡು ಅಳತೆಯ ಕಿಟ್‌ಗಳ ಚಕ್ರ, ಕಾರ್ಬ್ಯುರೇಟರ್ ಅದಲುಬದಲು ಮಾಡಿದರೆ ಯಾರಿಗೂ ಗೊತ್ತಾಗುವುದಿಲ್ಲ. ಮುಂಗಾಜು, ರೇಡಿಯೇಟರ್ ಕವಚ, ಬಾಡಿ ಮಾತ್ರ ಒಂದಕ್ಕೊಂದು ಕೂಡುವುದಿಲ್ಲ.

ಮೊದಲ ಸಲ ಕಟ್ಟುವವರಿಗೆ ರೋಡ್‌ಸ್ಟರ್‌ಗಿಂತ ತ್ರೀ-ವಿಂಡೋ ಕೂಪೆ (ಎರಡು ಬಾಗಿಲಿಗೆ ಒಂದೊಂದು, ಹಿಂದೊಂದು ಕಿಟಕಿ ಇರುವ ಮುಚ್ಚಿದ ಕಾರು) ಮೇಲು. ರೋಡ್‌ಸ್ಟರ್‌ಗೆ ಚಾವಣಿ ಇಲ್ಲ. ಒಳಗಿನ ಸೀಟು, ಡ್ಯಾಶ್‌ಬೋರ್ಡ್, ಬಾಗಿಲ ಒಳಮೈ ಎಲ್ಲವೂ ಎದುರಿಗೇ ಕಾಣುವುದರಿಂದ ಎಲ್ಲವನ್ನೂ ಚೆನ್ನಾಗಿ ಮಾಡಲೇಬೇಕು. ಕೂಪೆಯಲ್ಲಿ ಚಾವಣಿ ಬಾಡಿಗೇ ಅಚ್ಚಾಗಿ ಬಂದಿದೆಯೇ ಎಂದು ನೋಡಿ ಕೊಳ್ಳಿ. ಚಾವಣಿ ಬೇರೆ ತುಂಡಾಗಿದ್ದರೆ ಕಂಬಗಳ ಬಳಿ ಜೋಡಣೆ ಗೆರೆ ಅಳಿಸುವ ಕೆಲಸ ಹೆಚ್ಚು.

ದಶಕಗಳ ಹಿಂದಿನ ಹಳೆಯ ಕಿಟ್ ಕೈಗೆ ಸಿಕ್ಕರೆ ನಾಲ್ಕು ಕಡೆ ಕಣ್ಣಿಡಿ. ಬಾಡಿ ಸೊಟ್ಟಾಗಿದೆಯೇ? ಟೈರುಗಳು ಪಕ್ಕದ ಪ್ಲಾಸ್ಟಿಕ್ಕಿಗೆ ತಾಗಿ ಅದನ್ನು ಕರಗಿಸಿವೆಯೇ? ಗಾಜಿನ ಭಾಗ ಗೀಚಿದೆಯೇ? ಡೆಕಾಲ್ (ನೀರಲ್ಲಿ ಅದ್ದಿ ಜಾರಿಸಿ ಅಂಟಿಸುವ ತೆಳು ಚಿತ್ರ) ಹಾಳೆ ಹಳದಿಯಾಗಿದೆಯೇ? ಸೊಟ್ಟ ಬಾಡಿಯನ್ನು 65–70 ಡಿಗ್ರಿ ಬಿಸಿನೀರಲ್ಲಿ ಒಂದೆರಡು ನಿಮಿಷ ಮುಳುಗಿಸಿ, ಕೈಗವಸು ಹಾಕಿಕೊಂಡು ನೇರಮಾಡಿ, ಹಾಗೇ ಹಿಡಿದು ತಣ್ಣೀರಿಗೆ ಅದ್ದಿದರೆ ಆಕಾರ ನಿಲ್ಲುತ್ತದೆ. ಕುದಿಯುವ ನೀರು ಬೇಡ, ತೆಳ್ಳಗಿನ ಕಂಬಗಳು ಮೊದಲು ಬಾಗುತ್ತವೆ. ಹಳದಿ ಡೆಕಾಲ್‌ಗೆ ನಮ್ಮ ಬಿಸಿಲೇ ಮದ್ದು. ಜಿಪ್ ಇರುವ ಪಾರದರ್ಶಕ ಚೀಲದಲ್ಲಿ ಹಾಕಿ ಕಿಟಕಿ ಗಾಜಿಗೆ ಒಳಗಿನಿಂದ ಟೇಪ್ ಹಚ್ಚಿ, ಚಿತ್ರದ ಬದಿ ಹೊರಗೆ. ವಾರ ಹತ್ತು ದಿನಕ್ಕೆ ಹಳದಿ ಬಹಳಷ್ಟು ಇಳಿದಿರುತ್ತದೆ.

ಸಾಮಾನು: ಊರಲ್ಲೇ ಸಿಗುವವು, ತರಿಸಬೇಕಾದವು

ಕಿಟ್, ತೆಳು ಲಿಕ್ವಿಡ್ ಸಿಮೆಂಟ್ (ಪ್ಲಾಸ್ಟಿಕ್ ಜೋಡಿಸುವ ನೀರಿನಂಥ ಅಂಟು), ಮಾಡೆಲ್ ಬಣ್ಣ ಇವು ಮೂರನ್ನು ಆನ್‌ಲೈನಲ್ಲಿ ತರಿಸುವುದೇ ಸುಲಭ. ಸ್ಪ್ರೇ ಡಬ್ಬಿಗಳನ್ನು ಹೊತ್ತಿಕೊಳ್ಳುವ ಸರಕೆಂದು ಸಾಮಾನ್ಯವಾಗಿ ವಿಮಾನದಲ್ಲಿ ಕಳಿಸುವುದಿಲ್ಲ, ರಸ್ತೆ ಮೂಲಕ ಬರಲು ದಿನ ಹಿಡಿಯುತ್ತದೆ. ಮೊದಲೇ ತರಿಸಿಟ್ಟುಕೊಳ್ಳಿ.

ಉಳಿದದ್ದೆಲ್ಲ ಊರಲ್ಲೇ ಇದೆ. ಔಷಧಿ ಅಂಗಡಿಯಲ್ಲಿ 11ನೇ ನಂಬರಿನ ಸರ್ಜಿಕಲ್ ಬ್ಲೇಡ್ ಮತ್ತು ಅದಕ್ಕೆ ಹೊಂದುವ 3ನೇ ನಂಬರಿನ ಹಿಡಿಕೆ ಕೇಳಿ. ಹವ್ಯಾಸದ ಅಂಗಡಿಯ ಚಾಕುವಿಗಿಂತ ಅಗ್ಗ, ಹರಿತವೂ ಹೆಚ್ಚು. ಗಾಡಿಗಳಿಗೆ ಬಣ್ಣ ಮಿಕ್ಸ್ ಮಾಡಿಕೊಡುವ ಅಂಗಡಿಯಲ್ಲಿ 400, 600, 800, 1000, 1500, 2000 ನಂಬರಿನ ವಾಟರ್ ಪೇಪರ್ ಎರಡೆರಡು ಹಾಳೆ, ಒಂದು ಸಣ್ಣ ಟ್ಯೂಬ್ ಎನ್‌ಸಿ (ನೈಟ್ರೊಸೆಲ್ಯುಲೋಸ್) ಪುಟ್ಟಿ, ರಬ್ಬಿಂಗ್ ಕಾಂಪೌಂಡ್ ಸಿಗುತ್ತವೆ. ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸರ್ಕಿಟ್ ಬೋರ್ಡಿಗೆ ಬಳಸುವ 0.4 ಮಿ.ಮೀ. ಡ್ರಿಲ್ ಬಿಟ್ ಮತ್ತು ಸಣ್ಣ ನಿಪ್ಪರ್. ಗಾಜಿಗೆ ಫೆವಿಕಾಲ್, ತಂತಿಗೆ ಫೆವಿಕ್ವಿಕ್. ಒತ್ತಿ ಹಿಡಿಯಲು ಬಟ್ಟೆ ಒಣಹಾಕುವ ಕ್ಲಿಪ್ಪು, ರಬ್ಬರ್ ಬ್ಯಾಂಡು. ಉರಿದುಳಿದ ಊದಿನಕಡ್ಡಿಗಳನ್ನು ಸಣ್ಣ ಭಾಗಗಳಿಗೆ ಹಿಡಿಕೆಯಾಗಿ ಬಳಸಬಹುದು.

ಗಾಡಿ ಬಣ್ಣದ ಅಂಗಡಿಯಲ್ಲಿ ಒಂದು ಎಚ್ಚರಿಕೆ. ಅಲ್ಲಿನ ಎನ್‌ಸಿ ಥಿನ್ನರ್ ಲೋಹಕ್ಕೆ ಮಾಡಿದ್ದು, ಕಿಟ್ ಇರುವುದು ಪಾಲಿಸ್ಟೈರೀನ್. ನಾವು ದಿನಾ ನೋಡುವ ಥರ್ಮಾಕೋಲ್ ಕೂಡ ಅದೇ ಪ್ಲಾಸ್ಟಿಕ್ಕು, ಗಾಳಿ ತುಂಬಿ ಉಬ್ಬಿಸಿದ್ದು ಅಷ್ಟೇ. ಥರ್ಮಾಕೋಲ್ ಮೇಲೆ ಥಿನ್ನರ್ ಹನಿಸಿದರೆ ಏನಾಗುತ್ತದೋ ಬಾಡಿಗೂ ನಿಧಾನವಾಗಿ ಅದೇ ಆಗುತ್ತದೆ, ಮೈಯೆಲ್ಲ ಜೇಡರ ಬಲೆಯಂತೆ ಬಿರುಕು. ಹೊಸ ಬಣ್ಣ, ಹೊಸ ಥಿನ್ನರ್ ಏನೇ ಬಂದರೂ ಮೊದಲು ಸ್ಪ್ರೂ ತುಂಡಿಗೆ ಹಚ್ಚಿ ಒಂದು ರಾತ್ರಿ ಬಿಟ್ಟು ನೋಡಿ. ಸ್ಪ್ರೂ ಎಂದರೆ ಭಾಗಗಳು ಅಂಟಿಕೊಂಡು ಬರುವ ಚೌಕಟ್ಟು. ಎರಡು ಡಬ್ಬಿ ಬೆರೆಸಿ ಹೊಡೆಯುವ ಟೂ-ಕೆ ಕ್ಲಿಯರ್ ಕೋಟ್ ಹೊಳಪು ಚೆನ್ನಾಗಿ ಕೊಡುತ್ತದೆ ನಿಜ. ಆದರೆ ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ಕೆಟ್ಟದ್ದು, ಮನೆಯಲ್ಲಿ ಹೊಡೆಯುವ ವಸ್ತು ಅಲ್ಲ.

ತೊಳೆಯುವುದು, ಕತ್ತರಿಸುವುದು

ಅಚ್ಚಿನಿಂದ ಸುಲಭವಾಗಿ ಬಿಡಲಿ ಎಂದು ಕಾರ್ಖಾನೆಯಲ್ಲಿ ಹಚ್ಚಿದ ಜಿಡ್ಡು ಭಾಗಗಳ ಮೇಲೆ ಉಳಿದಿರುತ್ತದೆ. ಬಣ್ಣ ಹಿಡಿಯದೆ ಎದ್ದು ಬರಲು ಮೊದಲ ಕಾರಣ ಇದೇ. ಒಂದು ಬುಟ್ಟಿ ಉಗುರು ಬೆಚ್ಚಗಿನ ನೀರು, ನಾಲ್ಕೈದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್, ಹಳೆಯ ಟೂತ್‌ಬ್ರಶ್. ಚೌಕಟ್ಟಿನಲ್ಲಿರುವಾಗಲೇ ಉಜ್ಜಿ ತೊಳೆದು ನೆರಳಲ್ಲಿ ಒಣಗಿಸಿ. ಬಚ್ಚಲಿನ ತೂತಿಗೆ ಚಹಾ ಸೋಸುವ ಜಾಲರಿ ಅಡ್ಡ ಇಡಿ, ಕಳೆದ ಹೆಡ್‌ಲೈಟ್ ಮತ್ತೆ ಸಿಗುವುದಿಲ್ಲ.

ಬಾಗಲಕೋಟೆ, ವಿಜಯಪುರದ ಕಡೆ ಬಹಳ ಬೋರ್‌ಗಳದ್ದು ಸವಳು ನೀರು. ಆರಿದ ಮೇಲೆ ಬಿಳಿ ಉಪ್ಪಿನ ಕಲೆ ಉಳಿಯುತ್ತದೆ, ಅದರ ಮೇಲೆ ಬಣ್ಣ ಹೊಡೆದರೆ ಗುಳ್ಳೆ ಬರುತ್ತದೆ. ಕೊನೆಯ ತೊಳೆತ, ನೀರು ಹಚ್ಚಿ ಉಜ್ಜುವ ಕೆಲಸ, ಡೆಕಾಲ್ ಎಲ್ಲಕ್ಕೂ ಫಿಲ್ಟರ್ ನೀರೇ ಇರಲಿ.

ಭಾಗವನ್ನು ಸ್ಪ್ರೂನಿಂದ ಎರಡು ಸಲಕ್ಕೆ ಬಿಡಿಸಿ. ಮೊದಲು ಭಾಗದಿಂದ 2 ಮಿ.ಮೀ. ದೂರದಲ್ಲಿ ನಿಪ್ಪರ್, ಆಮೇಲೆ ಉಳಿದ ತುಣುಕಿಗೆ ಬ್ಲೇಡ್. ಒಂದೇ ಸಲಕ್ಕೆ ಒತ್ತಿ ಕತ್ತರಿಸಿದರೆ ಪ್ಲಾಸ್ಟಿಕ್ ಬಿಳುಪಾಗಿ ಒಳಗೆ ಕಚ್ಚಿಕೊಂಡು ಬರುತ್ತದೆ. ಕೈಯಿಂದ ತಿರುವಿ ಮುರಿಯುವ ಮಾತೇ ಬೇಡ. ಎಲ್ಲವನ್ನೂ ಒಮ್ಮೆಗೇ ಬಿಡಿಸಿಡಬೇಡಿ, ಭಾಗದ ನಂಬರ್ ಇರುವುದು ಸ್ಪ್ರೂ ಮೇಲೆ.

ಅಂಟಿಲ್ಲದೆ ಒಮ್ಮೆ ಕಟ್ಟಿ ನೋಡುವುದು

ಚಾಸಿ, ನಾಲ್ಕು ಚಕ್ರ, ಎಂಜಿನ್ ಬ್ಲಾಕ್, ರೇಡಿಯೇಟರ್ ಕವಚ, ಬಾಡಿ ಇಷ್ಟನ್ನು ಮಾಸ್ಕಿಂಗ್ ಟೇಪಿನಿಂದ ತಾತ್ಕಾಲಿಕವಾಗಿ ಕಟ್ಟಿ ಗಾಜಿನ ಮೇಲೆ ನಿಲ್ಲಿಸಿ. ಹಾಟ್ ರಾಡ್‌ನ ಅಂದ ಅದರ ನಿಲುವಿನಲ್ಲಿದೆ. ಮುಂದೆ ತಗ್ಗು, ಹಿಂದೆ ಎತ್ತರ. ಮುಂದೆ ಸಣ್ಣ ಟೈರು, ಹಿಂದೆ ದೊಡ್ಡದು. ನಿಲುವು ತಿದ್ದಲು ಬಣ್ಣಕ್ಕೆ ಮೊದಲು ಮಾತ್ರ ಅವಕಾಶ.

ಮುಂಭಾಗ ಎತ್ತರವೆನಿಸಿದರೆ ಮುಂದಿನ ಆಕ್ಸಲ್ ಮೇಲೆ ಅಡ್ಡ ಬರುವ ಲೀಫ್ ಸ್ಪ್ರಿಂಗ್ ಕೂರುವ ಜಾಗವನ್ನು ಸ್ವಲ್ಪ ಸ್ವಲ್ಪ ಅರೆದು ತಗ್ಗಿಸಿ. 1 ಮಿ.ಮೀ. ತೆಗೆದರೆ ಕಾರು ಒಂದು ಇಂಚು ಇಳಿದಂತೆ. 2 ಮಿ.ಮೀ. ದಾಟಿದರೆ ಆಕ್ಸಲ್ ಚಾಸಿಗೆ ತಾಗುತ್ತದೆ, ಸ್ಟೇರಿಂಗ್ ರಾಡ್‌ಗೆ ಜಾಗ ಉಳಿಯುವುದಿಲ್ಲ. ಒಂದು ಚಕ್ರ ಗಾಳಿಯಲ್ಲಿ ನಿಂತರೆ ಅದರ ಎದುರು ಮೂಲೆ ನೋಡಿ. ಚಾಸಿ ತಿರುಚಿರಬಹುದು, ಇಲ್ಲವೇ ಆಕ್ಸಲ್ ಓರೆ ಕೂತಿರಬಹುದು. ಲಗ್ನಪತ್ರಿಕೆಯ ದಪ್ಪ ಕಾಗದದ ಚೂರನ್ನು ಸ್ಪ್ರಿಂಗ್ ಕೆಳಗಿಟ್ಟು ಸಮ ಮಾಡಬಹುದು. 1932ರ ಫೋರ್ಡ್‌ನ ಚಕ್ರಾಂತರ (ಮುಂದಿನ, ಹಿಂದಿನ ಆಕ್ಸಲ್‌ಗಳ ನಡುವಿನ ದೂರ) 106 ಇಂಚು, 1/25ರಲ್ಲಿ 107.7 ಮಿ.ಮೀ. ಗ್ರಾಫ್ ಕಾಗದದ ಮೇಲೆ ಎಡಬಲ ಎರಡೂ ಕಡೆ ಅಳೆಯಿರಿ. ಎರಡರ ನಡುವೆ ಅರ್ಧ ಮಿ.ಮೀ. ವ್ಯತ್ಯಾಸ ಇದ್ದರೂ ಮೇಲಿಂದ ನೋಡುವವರಿಗೆ ಕಾಣುತ್ತದೆ.

ಮಡ್‌ಗಾರ್ಡ್ ಇಲ್ಲದ ರೂಪ ಕಟ್ಟುವುದಾದರೆ ಚಾಸಿಯ ಹೊರಬದಿಯೇ ಕಾರಿನ ಹೊರಮೈ. ಅದನ್ನು ಬಾಡಿಯ ಜೊತೆಗೇ ಅದೇ ಬಣ್ಣದಲ್ಲಿ, ಅದೇ ದಿನ ಹೊಡೆಯಬೇಕು. ಬೇರೆ ದಿನ ಹೊಡೆದರೆ, ಅದೇ ಡಬ್ಬಿಯ ಬಣ್ಣವಾದರೂ ಪದರದ ಲೆಕ್ಕ ತಪ್ಪಿ ಛಾಯೆ ಬದಲಾಗುತ್ತದೆ.

ಬಾಡಿ ತಯಾರಿ

ಮೇಜಿನ ದೀಪವನ್ನು ಬಾಡಿಯ ಪಕ್ಕಕ್ಕೆ, ಮೈಗೆ ಸವರಿಕೊಂಡು ಹೋಗುವಂತೆ ಇಡಿ. ಅಚ್ಚಿನ ಎರಡು ಹೋಳು ಸೇರಿದ ಗೆರೆ ಆಗ ನೆರಳಾಗಿ ಕಾಣುತ್ತದೆ: ಬಾಡಿಯ ಮೂಲೆಗಳಲ್ಲಿ, ಚಾವಣಿಯ ಅಂಚಿನಲ್ಲಿ, ಹಿಂಬದಿಯ ತಿರುವಿನಲ್ಲಿ. ಬ್ಲೇಡಿನ ಬೆನ್ನಿನಿಂದ ಹೆರೆದು, 600, ಆಮೇಲೆ 800 ನಂಬರಿನ ವಾಟರ್ ಪೇಪರಿನಿಂದ ನೀರು ಹಚ್ಚಿ ಉಜ್ಜಿ. 1932ರ ಬಾಡಿಗೆ ನಡುವಿನುದ್ದಕ್ಕೂ ಒಂದು ಉಬ್ಬು ಪಟ್ಟಿ ಹೋಗುತ್ತದೆ. ಅದರ ಬಳಿ ಪೇಪರನ್ನು ಐಸ್‌ಕ್ರೀಂ ಕಡ್ಡಿಗೆ ಅಂಟಿಸಿಕೊಂಡು ಉಜ್ಜಿ. ಬೆರಳಿನಿಂದ ಉಜ್ಜಿದರೆ ಉಬ್ಬು ಸವೆದು ಮಾಯವಾಗುತ್ತದೆ.

ಕುಳಿಗಳಿಗೆ ಎನ್‌ಸಿ ಪುಟ್ಟಿ. ಒಂದು ಸಲಕ್ಕೆ ಅರ್ಧ ಮಿ.ಮೀ.ಗಿಂತ ದಪ್ಪ ಬೇಡ. ಪುಟ್ಟಿ ಆರುವುದು ಥಿನ್ನರ್ ಹಾರಿಹೋಗಿ. ದಪ್ಪ ಮೆತ್ತಿದರೆ ಮೇಲೆ ಗಟ್ಟಿಯಾಗಿ ಒಳಗೆ ಹಸಿ ಉಳಿದು, ಕೆಳಗಿನ ಪ್ಲಾಸ್ಟಿಕ್ಕನ್ನೂ ಮೆತ್ತಗೆ ಮಾಡಿ, ವಾರದ ಮೇಲೆ ಮತ್ತೆ ಕುಳಿ ಬೀಳುತ್ತದೆ. ಒಂದು ದಿನ ಬಿಟ್ಟು ಉಜ್ಜಿ. ಬೇಕಾದರೆ ಇನ್ನೊಂದು ಪದರ.

ಹೊಸಬರು ಬಿಡುವ ಕೆಲಸವೊಂದಿದೆ, ಬಾಗಿಲು ಮತ್ತು ಡಿಕ್ಕಿಯ ಗೆರೆ ಆಳ ಮಾಡುವುದು. ಪ್ರೈಮರ್, ಬಣ್ಣ, ಕ್ಲಿಯರ್ ಎಲ್ಲ ಸೇರಿ 0.1 ಮಿ.ಮೀ. ದಪ್ಪವಾದರೆ ನಿಜವಾದ ಕಾರಿನ ಲೆಕ್ಕದಲ್ಲಿ ಅದು ಎರಡೂವರೆ ಮಿ.ಮೀ. ದಪ್ಪದ ಬಣ್ಣ, ಗೆರೆ ತುಂಬಿಹೋಗುತ್ತದೆ. ಪ್ರೈಮರ್‌ಗೆ ಮೊದಲು ಬ್ಲೇಡ್ ತುದಿಯ ಬೆನ್ನನ್ನು ಗೆರೆಯೊಳಗೆ ಹಗುರವಾಗಿ ಮೂರ್ನಾಲ್ಕು ಸಲ ಎಳೆಯಿರಿ. ಒತ್ತಡ ಹಾಕಿದರೆ ಬ್ಲೇಡ್ ಜಾರಿ ಬಾಗಿಲ ಮೇಲೆ ಗೀರು ಬೀಳುತ್ತದೆ, ಮತ್ತೆ ಪುಟ್ಟಿಗೇ ಹೋಗಬೇಕು.

ಪ್ರೈಮರ್ ಬೂದು ಬಣ್ಣದ್ದು, ಎರಡು ತೆಳು ಪದರ, ನಡುವೆ 15 ನಿಮಿಷ. ಬಿಟ್ಟುಹೋದ ಗೆರೆ, ಗೀರು ಎಲ್ಲ ಆಗ ಎದ್ದು ಕಾಣುತ್ತವೆ. ತಿದ್ದಿ, 1000 ನಂಬರಿನಿಂದ ನಯಮಾಡಿ ಮತ್ತೊಂದು ಪದರ. ಹಳದಿ, ಕೆಂಪು ಮೇಲ್ಬಣ್ಣಕ್ಕೆ ಕೊನೆಯ ಪದರ ಬಿಳಿ ಪ್ರೈಮರ್ ಇರಲಿ. ಕೆಂಪು ಪ್ಲಾಸ್ಟಿಕ್ಕಿನಲ್ಲೇ ಅಚ್ಚಾದ ಹಳೆಯ ಕಿಟ್‌ಗಳಲ್ಲಿ ಆ ಕೆಂಪು ಬಿಳಿ ಬಣ್ಣದೊಳಗಿಂದ ಗುಲಾಬಿಯಾಗಿ ಹೊರಬರುತ್ತದೆ. ಅದನ್ನು ತಡೆಯಲು ನಡುವೆ ಒಂದು ಪದರ ಬೆಳ್ಳಿ ಬಣ್ಣ ಹೊಡೆಯಿರಿ.

ಹವೆ ನೋಡಿ ಬಣ್ಣ

ಕಿಟ್ ಕಟ್ಟುವ ಬಗ್ಗೆ ಹೊರದೇಶದವರು ಬರೆದ ಸಲಹೆಗಳಲ್ಲಿ ನಮಗೆ ಹೊಂದದ ಭಾಗ ಇದೇ. ಜುಲೈಯಲ್ಲಿ ಬೆಳಗಾವಿಯ ಜಿಟಿಜಿಟಿ ಮಳೆ, ಏಪ್ರಿಲ್–ಮೇನಲ್ಲಿ ವಿಜಯಪುರದ ನಲವತ್ತು ಡಿಗ್ರಿ. ಒಂದೇ ಡಬ್ಬಿಯ ಬಣ್ಣ ಎರಡು ಕಡೆ ಎರಡು ಥರ ಕೆಡುತ್ತದೆ.

ಮಳೆಗಾಲದ ಬೆಳಗಾವಿಯಲ್ಲಿ ಲ್ಯಾಕರ್ ಬಣ್ಣ (ಥಿನ್ನರ್ ಹಾರಿ ಬೇಗ ಆರುವ ಬಣ್ಣ) ಹೊಡೆದ ಎರಡೇ ನಿಮಿಷಕ್ಕೆ ಮೈ ಹಾಲಿನಂತೆ ಮಂಜಾಗುತ್ತದೆ. ಥಿನ್ನರ್ ಹಾರುವಾಗ ಮೈಯನ್ನು ತಂಪು ಮಾಡುತ್ತದೆ, ಗಾಳಿಯ ತೇವ ಅಲ್ಲಿ ಹನಿಯಾಗಿ ಕೂತು ಬಣ್ಣದೊಳಗೆ ಸಿಕ್ಕಿಬೀಳುತ್ತದೆ. ಕಪ್ಪು ಬಣ್ಣದಲ್ಲಿ ಇದು ಅತಿ ಕೆಟ್ಟದಾಗಿ ಕಾಣುತ್ತದೆ. ಉಪಾಯ ಸರಳ: ಆ ತಿಂಗಳುಗಳಲ್ಲಿ ಬಾಡಿಗೆ ಹೊಳಪಿನ ಬಣ್ಣ ಹೊಡೆಯಬೇಡಿ, ಎಂಜಿನ್, ಚಾಸಿ, ಸೀಟಿನ ಕೆಲಸ ಮುಗಿಸಿಕೊಳ್ಳಿ. ಹೊಡೆಯಲೇಬೇಕಾದರೆ ಮಳೆ ಹೊಳವಾದ ಮಧ್ಯಾಹ್ನ, ಮುಚ್ಚಿದ ಕೋಣೆಯಲ್ಲಿ ಅರ್ಧ ಗಂಟೆ ಮೊದಲೇ ಬಿಸಿಯಾಗುವ ಬಲ್ಬ್ ಉರಿಸಿ ಗಾಳಿ ಒಣಗಿಸಿಕೊಳ್ಳಿ. ಸ್ಪ್ರೇ ಒತ್ತುವ ಮೊದಲು ಬಲ್ಬ್ ಆರಿಸಿ, ಕಿಟಕಿ ತೆರೆಯಿರಿ. ಥಿನ್ನರ್ ಆವಿಗೆ ಬಿಸಿ ಬಲ್ಬಿನ ಸಹವಾಸ ಬೇಡ. ಏರ್‌ಬ್ರಶ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಣ್ಣ ಸಾಧನ) ಇದ್ದವರು ಬಣ್ಣದ ಅಂಗಡಿಯಲ್ಲಿ ರಿಟಾರ್ಡರ್ ಕೇಳಿ, ಥಿನ್ನರ್‌ನ ಹತ್ತರಲ್ಲಿ ಒಂದು ಪಾಲು ಸೇರಿಸಿದರೆ ಆರುವುದು ನಿಧಾನವಾಗಿ ಮಂಜು ತಪ್ಪುತ್ತದೆ. ಅದನ್ನೂ ಸ್ಪ್ರೂ ಮೇಲೆ ಮೊದಲು ಪರೀಕ್ಷಿಸಿ. ಆಗಲೇ ಮಂಜಾಗಿದ್ದರೆ ಒಣಹವೆಯ ದಿನ ಬರೇ ಥಿನ್ನರ್–ರಿಟಾರ್ಡರ್ ಮಿಶ್ರಣವನ್ನು ತೀರ ತೆಳುವಾಗಿ ಒಮ್ಮೆ ಸಿಂಪಡಿಸಿ. ಸಿಕ್ಕಿಬಿದ್ದ ತೇವ ಹೊರಬಂದು ಬಣ್ಣ ತಿಳಿಯಾಗುತ್ತದೆ.

ವಿಜಯಪುರ, ಬಾಗಲಕೋಟೆಯ ಬೇಸಿಗೆಯದು ತಿರುಗಿದ ಕಥೆ. ಬಣ್ಣದ ಹನಿ ಬಾಡಿಗೆ ಮುಟ್ಟುವ ಮೊದಲೇ ಗಾಳಿಯಲ್ಲಿ ಅರ್ಧ ಆರಿ, ಮೈ ರವೆ ಉದುರಿಸಿದಂತೆ ಒರಟಾಗುತ್ತದೆ. ಸಲಹೆ ಹಾಳೆಗಳು ಹೇಳುವ 20–25 ಸೆಂ.ಮೀ. ದೂರ ಇಲ್ಲಿ ನಡೆಯುವುದಿಲ್ಲ. 12–15 ಸೆಂ.ಮೀ.ಗೆ ಬನ್ನಿ, ಕೈ ಬೇಗ ಓಡಿಸಿ, ಬೆಳಗ್ಗೆ ಆರರಿಂದ ಎಂಟರೊಳಗೆ ಕೆಲಸ ಮುಗಿಸಿ. ಸಂಜೆ ಗಾಳಿ ಎದ್ದರೆ ಎರೆಹೊಲದ ಧೂಳು ಕಿಟಕಿ ಸಂದಿಯಿಂದಲೂ ಬರುತ್ತದೆ. ಡಬ್ಬಿಯನ್ನು ಬಿಸಿಲಿಗೆ, ನಿಲ್ಲಿಸಿದ ಕಾರಿನೊಳಗೆ, ತಗಡಿನ ಚಾವಣಿಯ ಕೋಣೆಯಲ್ಲಿ ಇಡಬೇಡಿ. 50 ಡಿಗ್ರಿ ದಾಟಿದರೆ ಸಿಡಿಯಬಹುದು.

ದೀಪಾವಳಿ ಮುಗಿದಾಗಿನಿಂದ ಶಿವರಾತ್ರಿಯವರೆಗೆ ಮೂರೂ ಜಿಲ್ಲೆಗೆ ಒಳ್ಳೆಯ ಕಾಲ, ಬೆಳಗ್ಗೆ ಹತ್ತರ ನಂತರ. ಆಗ ತೊಂದರೆ ಒಂದೇ. ಒಣಹವೆಯಲ್ಲಿ ಪ್ಲಾಸ್ಟಿಕ್ಕನ್ನು ಒಣ ಬಟ್ಟೆಯಿಂದ ಒರೆಸಿದರೆ ವಿದ್ಯುತ್ ಹಿಡಿದು ಕೂದಲು, ಧೂಳು ಎಳೆದುಕೊಳ್ಳುತ್ತದೆ. ಒದ್ದೆ ಕೈಯಿಂದ ಸವರಿ ಹೊಡೆಯಿರಿ, ಕೋಣೆಯ ನೆಲಕ್ಕೂ ನೀರು ಚಿಮುಕಿಸಿ.

ಹೊಡೆಯುವ ಕ್ರಮ ಎಲ್ಲ ಕಾಲಕ್ಕೂ ಒಂದೇ. ಬಾಡಿಯನ್ನು ನೀರಿನ ಬಾಟಲಿಯ ಮೇಲೆ ಟೇಪಿನಿಂದ ಗಟ್ಟಿಯಾಗಿ ಕೂರಿಸಿ. ಡಬ್ಬಿಯನ್ನು ಎರಡು ನಿಮಿಷ ಅಲ್ಲಾಡಿಸಿ. ಸ್ಪ್ರೇ ಬಾಡಿಯ ಹೊರಗೆ ಶುರುವಾಗಿ ಬಾಡಿ ದಾಟಿ ಹೊರಗೇ ನಿಲ್ಲಲಿ. ಮೈಮೇಲೆ ಶುರುಮಾಡಿದರೆ ಮೊದಲ ಉಗುಳು ಅಲ್ಲೇ ಬೀಳುತ್ತದೆ. ಎರಡು ಮಂಜಿನಂಥ ಪದರ, 10 ನಿಮಿಷದ ಅಂತರ. ಪ್ರೈಮರ್ ಇನ್ನೂ ಕಾಣುತ್ತಿದ್ದರೂ ಪರವಾಗಿಲ್ಲ. ಆಮೇಲೆ ಎರಡು ಹಸಿ ಪದರ, 15 ನಿಮಿಷದ ಅಂತರ. ಮೊದಲು ಕೆಳ ಅಂಚು ಮತ್ತು ಸಂದುಗಳು, ಕೊನೆಗೆ ಚಾವಣಿ. ಬಣ್ಣ ಇಳಿದರೆ ಮುಟ್ಟಬೇಡಿ. ಎರಡು ದಿನ ಬಿಟ್ಟು 1500ರಿಂದ ಉಜ್ಜಿ ಮತ್ತೆ ಹೊಡೆಯಿರಿ. ಹೊಡೆದ ಕೂಡಲೇ ದೊಡ್ಡ ರಟ್ಟಿನ ಪೆಟ್ಟಿಗೆ ಮಗುಚಿ ಮುಚ್ಚಿ. ಥರ್ಮಾಕೋಲ್ ಪೆಟ್ಟಿಗೆ ಬೇಡ, ಕಾರಣ ಮೇಲೆ ಹೇಳಿದ್ದೇ. ಮುಖಕ್ಕೆ ಬಟ್ಟೆ ಕಟ್ಟಿದರೆ ಥಿನ್ನರ್ ಆವಿ ತಡೆಯುವುದಿಲ್ಲ, ಇದ್ದಿಲ ಕಾರ್ಟ್ರಿಡ್ಜ್ ಇರುವ ಮಾಸ್ಕ್ ಬೇಕು.

ಬಣ್ಣ ಯಾವುದು? ಕಪ್ಪು, ಗಾಢ ಮರೂನ್, ಕೆನೆಬಣ್ಣ ಇವು ಈ ಕಾರಿಗೆ ಒಪ್ಪುತ್ತವೆ. ಗಾಡಿ ಅಂಗಡಿಯ ಮೆಟಾಲಿಕ್ ಬೇಡ, ಅದರ ಮಿಂಚಿನ ಕಣ 1/25ರಲ್ಲಿ ಕಾಸಿನಷ್ಟು ದೊಡ್ಡದಾಗಿ ಕಾಣುತ್ತದೆ. ಮೊದಲ ಕಿಟ್‌ಗೆ ನಮ್ಮ ಶಿಫಾರಸು ಮಂದ ಕಪ್ಪು ಅಥವಾ ಬರೇ ಪ್ರೈಮರ್ ಬಣ್ಣ. ಧೂಳು ಕಾಣದು, ಪಾಲಿಶ್ ಬೇಡ. ದುಡ್ಡಿಲ್ಲದೆ ಪ್ರೈಮರ್‌ನಲ್ಲೇ ಓಡಿದ ಹಾಟ್ ರಾಡ್‌ಗಳು ಆ ಕಾಲದಲ್ಲಿ ಬೇಕಾದಷ್ಟಿದ್ದವು, ಸುಳ್ಳು ಹೇಳಿದಂತೆಯೂ ಆಗದು.

ಹೊಳಪಿನ ಬಣ್ಣವಾದರೆ ಎರಡು ದಿನದ ಮೇಲೆ ಮೂರು ಪದರ ಕ್ಲಿಯರ್. ಆಮೇಲೆ ಕನಿಷ್ಠ ಏಳು ದಿನ, ಮಳೆಗಾಲದಲ್ಲಿ ಹದಿನೈದು ದಿನ ಬಿಡಿ. ಮೂಗಿನ ಹತ್ತಿರ ಹಿಡಿದಾಗ ಬಣ್ಣದ ವಾಸನೆ ಇದ್ದರೆ ಆರಿಲ್ಲ ಎಂದೇ ಲೆಕ್ಕ. ನಂತರ 2000ರ ಪೇಪರಿಗೆ ನೀರು ಮತ್ತು ಒಂದು ಹನಿ ಸೋಪು ಹಚ್ಚಿ ಒಂದೇ ದಿಕ್ಕಿಗೆ ಉಜ್ಜಿ, ಹಳೆಯ ಬನಿಯನ್ ಬಟ್ಟೆಯಲ್ಲಿ ರಬ್ಬಿಂಗ್ ಕಾಂಪೌಂಡ್. ಅಂಚು ಮತ್ತು ಉಬ್ಬು ಪಟ್ಟಿಯ ಮೇಲೆ ಮೊದಲೇ ತೆಳು ಟೇಪ್ ಹಚ್ಚಿ, ಬಣ್ಣ ಹರಿದು ಪ್ರೈಮರ್ ಕಾಣುವುದು ಅಲ್ಲೇ.

ಎಂಜಿನ್

ಬಾಡಿ ಆರುತ್ತಿದೆ, ಈಗ ಎಂಜಿನ್. ಅಂಟನ್ನು ಎರಡು ಭಾಗ ಜೋಡಿಸಿ ಹಿಡಿದ ಮೇಲೆ ಸಂದಿಗೆ ಬ್ರಶ್ ತುದಿ ತಾಗಿಸಿ ಬಿಡಬೇಕು, ಅದೇ ಒಳಗೆ ಹರಿಯುತ್ತದೆ. ಬೇಸಿಗೆಯಲ್ಲಿ ಹರಿಯುವ ಮೊದಲೇ ಹಾರಿಹೋಗುವುದರಿಂದ ಎರಡು ಸಲ ತಾಗಿಸಿ. ಬ್ಲಾಕಿನ ಎರಡು ಹೋಳು ಸೇರಿದ ಗೆರೆಯನ್ನು ಒಂದು ದಿನದ ಮೇಲೆ ಅರೆಯಿರಿ.

ಕಿಟ್‌ನ ಬ್ಲಾಕ್ ಕನ್ನಡಿಯಂತೆ ನುಣುಪಾಗಿರುತ್ತದೆ, ಮರಳಿನ ಅಚ್ಚಿನಲ್ಲಿ ಎರಕ ಹೊಯ್ದ ಕಬ್ಬಿಣ ಹಾಗಿರುವುದಿಲ್ಲ. ಬೆಳಗಾವಿಯವರಿಗೆ ಇದನ್ನು ವಿವರಿಸಬೇಕಿಲ್ಲ. ಉದ್ಯಮಬಾಗ್‌ನ ಯಾವ ಫೌಂಡ್ರಿಯ ಮುಂದೆಯೂ ಮಷಿನ್‌ಗೆ ಹೋಗದ ಎರಕದ ಮೈ ನೋಡಲು ಸಿಗುತ್ತದೆ. ಅದೇ ಒರಟುತನಕ್ಕೆ ಪುಟ್ಟಿಯನ್ನು, ಸ್ಪ್ರೂ ಮೇಲೆ ಪರೀಕ್ಷಿಸಿದ ಥಿನ್ನರ್‌ನಲ್ಲಿ ಮಜ್ಜಿಗೆಯ ಹದಕ್ಕೆ ಕಲಸಿ, ಬಿರುಸಾದ ಬ್ರಶ್‌ನಿಂದ ಬ್ಲಾಕ್ ಮತ್ತು ಗೇರ್‌ಬಾಕ್ಸ್ ಮೇಲೆ ಚುಚ್ಚಿ ಚುಚ್ಚಿ ಹಚ್ಚಿ. ಸಿಲಿಂಡರ್ ಹೆಡ್‌ಗೆ ಬೇಡ. ಹಾಟ್ ರಾಡ್ ಕಟ್ಟುವವರು ಹಾಕುತ್ತಿದ್ದುದು ರೆಕ್ಕೆಗಳಿರುವ ಅಲ್ಯುಮಿನಿಯಂ ಹೆಡ್, ಅದಕ್ಕೆ ಬೆಳ್ಳಿ ಬಣ್ಣ ಹೊಡೆದು, ರೆಕ್ಕೆಗಳ ನಡುವೆ ತೀರ ನೀರಾದ ಕಪ್ಪು ಇಳಿಬಿಟ್ಟರೆ ಸಾಕು. ಕಾರ್ಬ್ಯುರೇಟರ್ ಎರಡೋ ಮೂರೋ ಇದ್ದರೆ ಅವು ಬಹುಶಃ ಸ್ಟ್ರಾಂಬರ್ಗ್ 97 ಮಾದರಿಯವು.

ಪ್ಲಗ್ ವಯರ್ ಹಾಕಿದರೆ ಎಂಜಿನ್‌ಗೆ ಜೀವ ಬರುತ್ತದೆ. ನಿಜವಾದ ವಯರ್ 7–8 ಮಿ.ಮೀ. ದಪ್ಪ, 1/25ರಲ್ಲಿ ಸುಮಾರು 0.3 ಮಿ.ಮೀ. ಮೋಟರ್ ರಿವೈಂಡಿಂಗ್ ಮಾಡುವವರ ಬಳಿ 30 ಗೇಜ್ ತಾಮ್ರದ ತಂತಿಯ ಚೂರು ಕೇಳಿ, ಅದರ ದಪ್ಪ 0.315 ಮಿ.ಮೀ. ಪಂಪ್‌ಸೆಟ್ ಇರುವ ಊರಲ್ಲೆಲ್ಲ ಇಂಥ ಅಂಗಡಿ ಇದ್ದೇ ಇರುತ್ತದೆ. ಫೋರ್ಡ್‌ನ ಈ ಹಳೆಯ ವಿ-8 ಎಂಜಿನ್‌ನಲ್ಲಿ ಪ್ಲಗ್‌ಗಳಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರ್ ಇರುವುದು ಮುಂದುಗಡೆ, ಕ್ಯಾಮ್ ಶಾಫ್ಟ್ ತುದಿಯಲ್ಲಿ. ಪ್ಲಗ್‌ಗಳು ಹೆಡ್‌ನ ಮೇಲೆ ಸಾಲಾಗಿ, ಒಂದೊಂದು ಕಡೆ ನಾಲ್ಕು. 0.4 ಬಿಟ್‌ನಿಂದ ಕೈಯಲ್ಲೇ ತಿರುಗಿಸಿ ತೂತು ಮಾಡಿ, ತಂತಿಗೆ ಕಪ್ಪು ಬಣ್ಣ ಕೊಟ್ಟು, ತುದಿಗೆ ಸೂಜಿಮೊನೆಯಷ್ಟು ಫೆವಿಕ್ವಿಕ್. ಬೆಂಕಿ ಹತ್ತುವ ಕ್ರಮ 1-5-4-8-6-3-7-2. ಕಾರಿನಲ್ಲಿ ಕೂತವರ ಬಲಗಡೆ ಮುಂದಿನಿಂದ ಹಿಂದಕ್ಕೆ 1ರಿಂದ 4, ಎಡಗಡೆ 5ರಿಂದ 8. ಪ್ರದರ್ಶನಕ್ಕೆ ಇಡುವವರಿಗೆ ಈ ಕ್ರಮ ಬೇಕು, ಉಳಿದವರು ಒಂದೊಂದು ಕಡೆಗೆ ನಾಲ್ಕು ಎಳೆದರೆ ಮುಗಿಯಿತು. ರೇಡಿಯೇಟರ್ ಹೋಸ್‌ಗೆ 16 ಗೇಜ್ ಸೋಲ್ಡರ್ ತಂತಿ, ಬೇಕಾದಂತೆ ಬಾಗುತ್ತದೆ, ಬಾಗಿದ ಹಾಗೇ ನಿಲ್ಲುತ್ತದೆ.

ಕ್ರೋಮ್ ಭಾಗಗಳು

ಕ್ರೋಮ್ ಎನ್ನುವುದು ಪ್ಲಾಸ್ಟಿಕ್ ಮೇಲೆ ಲ್ಯಾಕರ್, ಅದರ ಮೇಲೆ ಆವಿಯಾಗಿ ಕೂರಿಸಿದ ಅಲ್ಯುಮಿನಿಯಂ. ಅಂಟು ಅದರ ಮೇಲೆ ಹಿಡಿಯುವುದಿಲ್ಲ. ಹೆಡ್‌ಲೈಟ್ ಮೊದಲ ದಿನ ಕೂತು ಮರುದಿನ ಉದುರುವುದು ಇದಕ್ಕೇ. ಜೋಡಣೆಯ ಜಾಗದಲ್ಲಿ ಬ್ಲೇಡಿನಿಂದ ಪೂರ್ತಿ ಹೆರೆದು ಪ್ಲಾಸ್ಟಿಕ್ ಕಾಣಿಸಿ.

ಚಕ್ರದ ಡಿಸ್ಕ್, ಹೆಡ್‌ಲೈಟ್ ಕ್ರೋಮ್‌ನಲ್ಲೇ ಇರಲಿ. ಆಕ್ಸಲ್, ಎಕ್ಸಾಸ್ಟ್, ಇನ್‌ಟೇಕ್ ಇವುಗಳಲ್ಲಿ ಅಚ್ಚಿನ ಗೆರೆ ಹೊಳೆದು ಕಾಣುವುದರಿಂದ ಕ್ರೋಮ್ ತೆಗೆದುಬಿಡುವುದು ಒಳಿತು. ಗಾಜಿನ ಬಾಟಲಿಯಲ್ಲಿ ಬಟ್ಟೆ ಬಿಳಿ ಮಾಡುವ ಲಿಕ್ವಿಡ್ ಬ್ಲೀಚ್ ಹಾಕಿ ಮುಳುಗಿಸಿ. ಕೆಲವು ನಿಮಿಷದಿಂದ ಕೆಲವು ಗಂಟೆಯೊಳಗೆ ಹೊಳಪು ಕರಗುತ್ತದೆ. ಕೈಗವಸು, ತೆರೆದ ಕಿಟಕಿ ಬೇಕು. ಶೌಚಾಲಯ ತೊಳೆಯುವ ಆ್ಯಸಿಡ್ ಅದರ ಹತ್ತಿರ ಸುಳಿಯಕೂಡದು, ಬೆರೆತರೆ ಕ್ಲೋರಿನ್ ವಿಷಾನಿಲ ಏಳುತ್ತದೆ. ಕೆಳಗುಳಿದ ಹಳದಿ ಲ್ಯಾಕರನ್ನು 1000ರ ಪೇಪರಿನಿಂದ ಉಜ್ಜಿ, ಬೇಕಾದ ಬಣ್ಣ ಕೊಡಿ.

ಚಾಸಿ, ಚಕ್ರ, ಒಳಗು

ಗ್ರಾಫ್ ಕಾಗದದ ಮೇಲೆ ಆಕ್ಸಲ್‌ಗಳನ್ನು ನೇರಕ್ಕೆ ಕೂರಿಸಿ, ಅಂಟು ಪೂರ್ತಿ ಗಟ್ಟಿಯಾಗುವ ಮೊದಲು ಚಕ್ರ ಹಾಕಿ ಗಾಜಿನ ಮೇಲೆ ನಿಲ್ಲಿಸಿ, ಮೇಲೆ ಹಗುರ ಪುಸ್ತಕವೊಂದನ್ನಿಟ್ಟು ರಾತ್ರಿ ಬಿಡಿ. ನಾಲ್ಕೂ ಟೈರ್ ನೆಲ ಮುಟ್ಟುತ್ತವೆ.

ಟೈರ್ ನಡುವಿನ ಅಚ್ಚಿನ ಗೆರೆಯನ್ನು 400ರ ಪೇಪರಿನಿಂದ ಅಡ್ಡಡ್ಡ ಉಜ್ಜಿದರೆ ಗೆರೆಯೂ ಹೋಗುತ್ತದೆ, ಓಡಿಸಿದ ಟೈರಿನ ಮಂದ ಬಣ್ಣವೂ ಬರುತ್ತದೆ. ಮೃದು ವಿನೈಲ್ ಟೈರಿನಲ್ಲಿರುವ ಎಣ್ಣೆಯಂಥ ಪದಾರ್ಥ ವರ್ಷಗಳಲ್ಲಿ ಹೊರಬಂದು ಪಾಲಿಸ್ಟೈರೀನ್ ರಿಮ್ಮನ್ನು ಕರಗಿಸುತ್ತದೆ. ರಿಮ್‌ಗೆ ತೆಳುವಾಗಿ ಫೆವಿಕಾಲ್ ಹಚ್ಚಿ ಪೂರ್ತಿ ಆರಿದ ಮೇಲೆ ಟೈರ್ ಏರಿಸಿ, ಎರಡರ ನಡುವೆ ತಡೆ ಇರುತ್ತದೆ.

ಸೀಟಿಗೆ ಬಟ್ಟೆ ಅಂಟಿಸುವ ಆಸೆ ಬಹಳ ಜನಕ್ಕಿದೆ. ಇಳಕಲ್ ಸೀರೆಯ ನೂಲೂ ಈ ಅಳತೆಯಲ್ಲಿ ಹಗ್ಗವೇ. ಮಂದ ಬಣ್ಣ ಹೊಡೆದು, ಮಡಿಕೆಗಳಲ್ಲಿ ಸ್ವಲ್ಪ ಗಾಢ ಛಾಯೆ ಇಳಿಸಿ, ಅಷ್ಟೇ. ಡ್ಯಾಶ್‌ಬೋರ್ಡಿನ ಮೀಟರ್‌ಗಳಿಗೆ ಡೆಕಾಲ್ ಹಾಕಿ, ಆರಿದ ಮೇಲೆ ಒಂದೊಂದು ಹನಿ ಕ್ಲಿಯರ್ ಬಿಟ್ಟರೆ ಗಾಜು ಹಾಕಿದಂತಾಗುತ್ತದೆ.

ಡೆಕಾಲ್ ಅನ್ನು ಉಗುರು ಬೆಚ್ಚಗಿನ ಫಿಲ್ಟರ್ ನೀರಲ್ಲಿ 20–30 ಸೆಕೆಂಡ್ ಅದ್ದಿ, ಹೊರತೆಗೆದು ಒಂದು ನಿಮಿಷ ಕಾಯಿರಿ, ಆಮೇಲೆ ಜಾರಿಸಿ. ಹಳೆಯ ಹಾಳೆಯಾದರೆ ಮೊದಲು ಬೇಡದ ಮೂಲೆಯ ಚೂರೊಂದನ್ನು ಅದ್ದಿ ನೋಡಿ. ಅದು ಒಡೆದರೆ ಇಡೀ ಹಾಳೆಗೆ ಕ್ಲಿಯರ್ ಹೊಡೆದು, ಮರುದಿನ ಪ್ರತಿ ಚಿತ್ರವನ್ನೂ ಅಂಚಿಗೆ ಹತ್ತಿ ಕತ್ತರಿಸಿ ಬಳಸಿ. ಮಂದ ಬಣ್ಣದ ಮೇಲೆ ನೇರ ಡೆಕಾಲ್ ಹಾಕಿದರೆ ಕೆಳಗೆ ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯುತ್ತದೆ. ಅಲ್ಲಿ ಮೊದಲು ಹೊಳಪಿನ ಕ್ಲಿಯರ್, ಡೆಕಾಲ್ ಆರಿದ ಮೇಲೆ ಮಂದ ಕ್ಲಿಯರ್.

ಕೊನೆಯ ಜೋಡಣೆ

ಗಾಜಿಗೆ ಫೆವಿಕ್ವಿಕ್ ಮುಟ್ಟಿಸಬೇಡಿ. ಅದರ ಆವಿ ಗಾಜಿನ ಮೇಲೆ ಬಿಳಿ ಹಿಮವಾಗಿ ಕೂರುತ್ತದೆ, ಮುಚ್ಚಿದ ಕೂಪೆಯೊಳಗಂತೂ ಮರುದಿನವೂ ಹರಡುತ್ತದೆ. ಫೆವಿಕಾಲನ್ನು ಹಲ್ಲುಕಡ್ಡಿಯ ತುದಿಯಿಂದ ಹಚ್ಚಿ. ಹೆಚ್ಚಾದದ್ದನ್ನು ಒದ್ದೆ ಬ್ರಶ್‌ನಿಂದ ಒರೆಸಬಹುದು, ಆರಿದಾಗ ಕಾಣುವುದಿಲ್ಲ.

ಬಾಡಿಯೊಳಗೆ ಗಾಜು, ಚಾಸಿ ಮೇಲೆ ಎಂಜಿನ್, ಆಮೇಲೆ ಒಳಗಿನ ತೊಟ್ಟಿ (ಸೀಟು, ಡ್ಯಾಶ್‌ಬೋರ್ಡ್ ಕೂರುವ ಭಾಗ), ಮೇಲಿಂದ ಬಾಡಿ, ಮುಂದೆ ರೇಡಿಯೇಟರ್ ಕವಚ, ಕೊನೆಗೆ ಹೆಡ್‌ಲೈಟ್ ಮತ್ತು ಕನ್ನಡಿ. ಈ ಸಾಲು ತಪ್ಪಿಸಬೇಡಿ. ಬಾಡಿ ಕೂರದೆ ಎದ್ದು ನಿಂತರೆ ಒತ್ತಬೇಡಿ. ಹತ್ತಕ್ಕೆ ಎಂಟು ಸಲ ಒಳಗಿನ ತೊಟ್ಟಿಯ ಅಂಚು ಬಾಡಿಯ ಒಳಗೋಡೆಗೆ ತಾಗಿರುತ್ತದೆ, ಒಂದಿಷ್ಟು ಅರೆದರೆ ಇಳಿಯುತ್ತದೆ. ಬಣ್ಣದ ಮೇಲೆ ಬಣ್ಣ ಸೇರುವ ಕಡೆ ಎರಡೂ ಬದಿಯ ಬಣ್ಣ ಹೆರೆಯದಿದ್ದರೆ ಅಂಟು ಬಣ್ಣವನ್ನು ಮಾತ್ರ ಹಿಡಿದಿರುತ್ತದೆ, ಪ್ಲಾಸ್ಟಿಕ್ಕನ್ನಲ್ಲ.

ಇಡುವಾಗ ಗಾಜಿನ ಪೆಟ್ಟಿಗೆಯಲ್ಲಿಡಿ, ನೇರ ಬಿಸಿಲು ಬೀಳದ ಗೋಡೆಗೆ. ಬಣ್ಣ ಬಳಿದ ಮರದ ಹಲಗೆಯ ಮೇಲೆ ವಿನೈಲ್ ಟೈರ್ ನೇರ ನಿಂತರೆ ಹಲಗೆಯ ಬಣ್ಣವನ್ನೂ ಎಬ್ಬಿಸುತ್ತದೆ. ಕೆಳಗೆ ಕನ್ನಡಿ ಹಾಸಿದರೆ ಆ ತೊಂದರೆ ಇಲ್ಲ, ಕಷ್ಟಪಟ್ಟು ಮಾಡಿದ ಚಾಸಿಯ ತಳವೂ ಬಂದವರಿಗೆ ಕಾಣುತ್ತದೆ.